ಒಟ್ಟಿನ್ಯಾಗ ಬಿಟ್ಟುಹೋದ ಸೀರಿ

ದುಭಾಷಿ ಕೆಲಸಕ್ಕ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನಿಗೆ ಬರತಾರ. ಕಾಕಾ, ನೀವು ಭಾಳ ವರ್ಷ ಮಾಡೀರಿ, ನಮಗೂ ನಾಕು ಮಾತು ಹೇಳ್ರಿ ಅಂತಾರ. ನಾನೂ ಉಬ್ಬಿ ಹೇಳಾಕ ಸುರು ಮಾಡತೇನಿ. ಚಹಾ ಮುಗಿಯೂದ್ರಾಗ ಅವರ ಕಣ್ಣು ಕೈಗಡಿಯಾರಕ್ಕ ಹೋಗತಾವ. ಆಮ್ಯಾಲೆ ಮೆಲ್ಲಕ, "ಒಟ್ಟಿನ್ಯಾಗ ಏನ್ರಿ ಕಾಕಾ?" ಅಂತಾರ. ಅಲ್ಲಿಗೆ ನನ್ನ ಪಿತ್ತ ನೆತ್ತಿಗೇರತೈತಿ. ನನ್ನ ನೌಕರಿಯೊಳಗಿನ ದೊಡ್ಡ ಭಾನಗಡಿ ಆಗಿದ್ದು ಆ ಒಂದು ಶಬ್ದದಿಂದನ. ಅದಕ್ಕ ಈ ಸಲ ಬಾಯಿಲೆ ಹೇಳೂದು ಬಿಟ್ಟು ಬರದು ಇಡಾಕತ್ತೇನಿ. ಓದವರು ಗಡಿಯಾರ ನೋಡಿದ್ರೂ ನನಗ ಕಾಣಂಗಿಲ್ಲ.

ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಅನ್ನೂ ಪುರಾಣ ಇಲ್ಲಿಲ್ಲ. ಸಿಕ್ಕಿದ್ದು ಒಂದ ಬಡ್ತಿ, ಅದೂ ಖರೇ ಸಿಗಬೇಕಾದವ ತೀರಿಕೊಂಡಾಂತ ನನ್ನ ಕಡೆ ಬಂತು.

ಎಂಬತ್ತರ ದಶಕ ಸುರುವಾದಾಗ ನಾ ಧಾರವಾಡ ಕಡಿಂದ ಗೋವಾದ ವಾಸ್ಕೋಕ್ಕ ಬಂದು, ಕೂಲಿ ಮಂದಿಯ ತಂಟೆ-ತಕರಾರು ವಿಚಾರಣಿ ಮಾಡೂ ಒಂದು ಕಚೇರಿಯೊಳಗ ಕಾರಕೂನ ಆದೆ. ಬಂದರದಾಗ ಹಡಗಿಗೆ ಅದಿರು ತುಂಬವರು, ಕಟ್ಟಡಕ್ಕ ಕಲ್ಲು-ಸಿಮೆಂಟು ಹೊರವರು, ಹಿಂಗ ನಮ್ಮ ಬಾಗಲಿಗೆ ಬರೂ ಮುಕ್ಕಾಲು ಮಂದಿ ವಿಜಾಪುರ, ಬಾಗಲಕೋಟಿ, ಗದಗ ಕಡ್ಯಾವರು. ಅವರ ಮಾತು ಸಾಹೇಬರಿಗೆ ತಿಳೀತಿದ್ದಿಲ್ಲ, ಸಾಹೇಬರ ಮಾತು ಅವರಿಗೆ ತಿಳೀತಿದ್ದಿಲ್ಲ. ನಿನಗ ಕನ್ನಡ ಬರತೈತಲ್ಲ, ಬಾ ಇಲ್ಲೆ ನಿಂದ್ರು ಅಂತ ಒಂದಿನ ಕರದು ನಿಂದರಿಸಿದ್ರು. ಆವತ್ತಿಂದ ನಾ ದುಭಾಷಿ. ಅದಕ್ಕ ಪರೀಕ್ಷಾ ಇಲ್ಲ, ಪುಸ್ತಕ ಇಲ್ಲ, ಕುರ್ಚಿನೂ ಇಲ್ಲ.

ನಮ್ಮ ಸಾಹೇಬರ ಖರೇ ಹೆಸರು ಕಚೇರಿಯೊಳಗ ಕಿವಿಗೆ ಬೀಳತಿದ್ದುದು ಅವರ ಹೆಂಡ್ತಿ ಫೋನ್ ಮಾಡಿದಾಗ ಅಷ್ಟ. ನಮಗೆಲ್ಲಾ ಅವರು ಏಕೂಣ ಸಾಹೇಬರು. ಏಕೂಣ ಅಂದ್ರ ಆ ಕಡೆ ಮಾತಿನ್ಯಾಗ ಒಟ್ಟು. ಯಾರು ಏನು ಹೇಳಾಕ ಬಂದ್ರೂ ಅವರದು ಒಂದ ಪ್ರಶ್ನೆ, "ಏಕೂಣ ಕಿತೆಂ?" ಅಂದ್ರ ಒಟ್ಟಿನ್ಯಾಗ ಏನು, ಲಗೂನ ಹೇಳು. ಒಮ್ಮೆ ಸಿಪಾಯಿ ಓಡಿ ಬಂದು, ರಿಕಾರ್ಡ್ ಖೋಲಿಯೊಳಗ ಹಾವು ಹೊಕ್ಕೈತಿ, ಕಿಡಕಿಯಿಂದ ಬಂತು, ಕಪಾಟಿನ ಹಿಂದ ಹೋತು ಅಂತ ತೇಕ್ಕೊಂತ ಹೇಳಾಕತ್ತಿದ್ದ. ಸಾಹೇಬರು ತಲಿ ಎತ್ತಲಾರದ ಏಕೂಣ ಕಿತೆಂ ಅಂದ್ರು. ಸಿಪಾಯಿ, ಏಕೂಣ ಹಾವು ಸಾಹೇಬ ಅಂದ. ಆಗ ಮಾತ್ರ ಅವರು ಕುರ್ಚಿಮ್ಯಾಲೆ ಕಾಲು ಎತ್ತಿಕೊಂಡ್ರು.

ಕೆಲಸದ ಪದ್ಧತಿ ಹಿಂಗಿತ್ತು. ಕೂಲಿಯವ ಕನ್ನಡದಾಗ ಹೇಳಬೇಕು. ನಾ ಅದನ್ನ ಮರಾಠಿ ಬೆರಕಿಯ ಕೊಂಕಣಿಯೊಳಗ ಸಾಹೇಬರಿಗೆ ಹೇಳಬೇಕು. ಸಾಹೇಬರು ಇಂಗ್ಲಿಷಿನ್ಯಾಗ ಹೇಳಿದ್ದನ್ನ ಟೈಪಿಸ್ಟ್ ಫಿಲೋಮಿನಾ ಬಾಯಿ ಟಕ ಟಕ ಹೊಡೀಬೇಕು. ಹಾಳಿಯ ತಳಕ್ಕ ಒಂದು ಸಾಲು ಇರಬೇಕು: ಮ್ಯಾಲಿನ ಹೇಳಿಕಿಯನ್ನ ಕನ್ನಡದಾಗ ಓದಿ ತಿಳಿಸಲಾಗಿದೆ, ಸರಿ ಅಂತ ಒಪ್ಪಿಕೊಂಡಾರ. ಅದರ ಕೆಳಗ ಅವರ ಹೆಬ್ಬಟ್ಟು, ಬಾಜೂಕ ನನ್ನ ಸಹಿ. ಈ ಸಾಲು ಎಲ್ಲಾ ಹೇಳಿಕಿಗೂ ಬೇಕಾಗತಿತ್ತಲ್ಲ, ಅದಕ್ಕ ಫಿಲೋಮಿನಾ ಬಾಯಿ ಮುಂಜಾನೆ ಬಂದಕೂಡ್ಲೆ ಹತ್ತು ಹಾಳಿಗೆ ತಳದಾಗ ಮೊದಲ ಹೊಡದಿಡತಿದ್ರು. ಹೇಳವ ಇನ್ನೂ ಕೂಲಿ ಮಂದಿ ಇರೂ ಸಡಾ ಗುಡ್ಡದ ಮ್ಯಾಲೆ ಹಲ್ಲು ತಿಕ್ಕಾಕತ್ತಿರತಿದ್ದ, ಅಂವ ಸರಿ ಅಂತ ಒಪ್ಪಿದ್ದು ಇಲ್ಲೆ ತಯಾರ್ ಇರತಿತ್ತು. ಮ್ಯಾಲೆ ಉಳಿದ ಜಾಗಾದಾಗ ಹಿಡಿಸುವಷ್ಟ ಮಾತ್ರ ಅಂವ ಹೇಳಬೇಕು. ಇನ್ನ ಓದಿ ತಿಳಿಸೂದು ಅಂದ್ರ, ನೀ ಹೇಳಿದ್ದ ಬರದಾರ ತಮ್ಮಾ, ಒತ್ತು ಅನ್ನೂದು. ನಾ ಎಂದೂ ಒಂದಕ್ಷರ ಓದಿದಾವಲ್ಲ.

ನಮ್ಮ ಮಂದಿ ಮಾತು ಸುರು ಮಾಡೂದು ಎಲ್ಲಿಂದ ಅಂತ ಗೊತ್ತಲ್ಲ. ಕೈಗೆ ಪೆಟ್ಟಾಗಿದ್ದು ಹೆಂಗ ಅಂತ ಕೇಳಿದ್ರ, ನಮ್ಮಪ್ಪಗ ಇಬ್ಬರು ಹೆಂಡ್ರ್ರಿ, ನಾ ಸಣ್ಣಾಕಿ ಮಗ ಅಂತ ಸುರು ಆಗತೈತಿ. ಅಂವ ಊರು ಬಿಟ್ಟು, ಹುಬ್ಬಳ್ಳಿ ದಾಟಿ, ಘಾಟ ಇಳದು ಬಂದರಕ್ಕ ಬರೂದ್ರಾಗ ಸಾಹೇಬರ ಚಹಾ ಆರಿರತಿತ್ತು. ಹಿಂಗಾಗಿ ನಾ ಒಟ್ಟಿನ್ಯಾಗ ಹೇಳೂದ್ರಾಗ ಪಳಗಿದೆ. ಅರ್ಧಾ ತಾಸಿನ ಮಾತನ್ನ ಎರಡು ಸಾಲಿಗೆ ಇಳಸತಿದ್ದೆ. ಸಾಹೇಬರು ಶಾಬಾಸ್ ಅಂತಿದ್ರು, ಬ್ಯಾರೆ ಕಚೇರಿಯವರ ಮುಂದನೂ ಹೊಗಳತಿದ್ರು. ನಾ ಮೀಸಿ ಮ್ಯಾಲೆ ಕೈ ಹಾಕ್ಕೊಂಡು ಅಡ್ಡಾಡತಿದ್ದೆ.

ಖರೇ ಅಂದ್ರ ಒಟ್ಟು ಅನ್ನೂದು ನಮ್ಮೂರಾಗ ಮೊದಲು ಕೈಕೆಲಸ, ಆಮ್ಯಾಲೆ ಲೆಕ್ಕ. ಕುಳ್ಳು ಒಟ್ಟತಾರ, ಕಟಗಿ ಒಟ್ಟತಾರ, ಕಣಕಿ ಬಣವಿ ಒಟ್ಟತಾರ. ನಮ್ಮವ್ವ ಕುಳ್ಳು ಒಟ್ಟಾಕ ನಿಂತ್ಲಂದ್ರ ಒಂದು ಚೂರು ಹೊರಗ ಉಳಿಯಂಗಿದ್ದಿಲ್ಲ. ಮುರದ ಕುಳ್ಳನ್ನೂ ಸಂದಿಗೆ ಸೇರಸತಿದ್ಲು, ಅದನ್ನ ಬಿಟ್ರ ಆ ಸಂದಿಯಿಂದನ ಮಳಿ ಇಳೀತೈತಿ ಅಂತಿದ್ಲು. ಅಣ್ಣತಮ್ಮರು ಒಟ್ಟಿಗೆ ಅದಾರಂದ್ರ ಇನ್ನೂ ಒಲಿ ಬ್ಯಾರೆ ಆಗಿಲ್ಲ ಅಂತ. ಅಂವ ಒಟ್ಟ ಬರಂಗಿಲ್ಲ ಅಂದ್ರ ಕಾಲು ಹಿಡದ್ರೂ ಬರಂಗಿಲ್ಲ ಅಂತ. ಭಾಷಣ ಮಾಡವ, ಒಟ್ಟಿನಲ್ಲಿ ಹೇಳಬೇಕೆಂದರೆ ಅಂದ್ರ ಇನ್ನೂ ಅರ್ಧಾ ತಾಸು ಕುಂದ್ರಬೇಕು ಅಂತ ತಿಳೀರಿ. ಪೇಪರಿನ್ಯಾಗ ಒಟ್ಟಾರೆ ಅಂತ ಬಂತಂದ್ರ ಬರದಾವಗ ಮುಂದ ಏನೂ ತೋಚಿಲ್ಲ. ಮನಿಯಾಗ ಹೆಂಡ್ತಿ, ಒಟ್ಟಿನ್ಯಾಗ ನಿಮಗ ನಾ ಬ್ಯಾಡಾಗೇನಿ ಅಂದ್ರ ಪ್ಯಾಟಿಯಿಂದ ಏನೋ ತರೂದು ಮರತೀರಿ. ಇಷ್ಟೂ ಅರ್ಥದಾಗ ಸೇರಿಸಿಕೊಳ್ಳೂದು ಹೆಚ್ಚು, ಬಿಡೂದು ಕಡಿಮಿ. ಬಿಡೂದನ್ನ ಒಟ್ಟು ಅಂತ ಕರದಿದ್ದು ನಮ್ಮ ಕಚೇರಿ ಒಂದ.

ಆ ಬಿಡೂ ವಿದ್ಯಾಕ್ಕ ಮೊದಲನೇ ಸಲ ಕಪಾಳಕ್ಕ ಬಿದ್ದಿದ್ದು ಕಲಂಗುಟ್‌ನ್ಯಾಗ. ಅಲ್ಲಿ ಒಂದು ಕಚೇರಿಯವರು ನನ್ನ ಒಂದು ದಿನಕ್ಕ ಎರವಲು ಇಸಕೊಂಡಿದ್ರು. ಸಮುದ್ರ ದಂಡಿಮ್ಯಾಲೆ ಕಸೂತಿ ಚೀಲ, ಮಣಿಸರ ಮಾರೂ ಲಮಾಣಿ ಹೆಣಮಕ್ಕಳು ಪರದೇಶದ ಮಂದಿಗೆ ಕಾಟ ಕೊಡತಾರಂತ ಯಾರೋ ಅರ್ಜಿ ಹಾಕಿದ್ರು. ಕರ್ನಾಟಕದಿಂದ ಬಂದವರದೆಲ್ಲಾ ಒಂದ ಭಾಷಾ ಅಂತ ಅಲ್ಲಿ ಸಾಹೇಬನ ತಿಳುವಳಿಕಿ. ನನಗ ಲಮಾಣಿ ಮಾತು ಒಂದಕ್ಷರ ಬರಂಗಿಲ್ಲ. ಬರಂಗಿಲ್ಲ ಅಂತ ಹೇಳಬೇಕಾಗಿತ್ತು. ಆದ್ರ ಜೀಪಿನ್ಯಾಗ ಕರಕೊಂಡು ಹೋಗಿದ್ರು, ಆ ಡೌಲು ಬಿಡಾಕ ಮನಸಾಗಲಿಲ್ಲ.

ಕನ್ನಡಿ ಹಚ್ಚಿದ ಕುಪ್ಪಸದ ಮುದುಕಿ ಒಬ್ಬಾಕಿ ಮುಂದ ಬಂದು ಹತ್ತು ಮಿನಿಟು ಕೈ ಬೀಸಿ ಬೀಸಿ ಮಾತಾಡಿದ್ಲು. ಸಾಹೇಬ ನನ್ನ ಮುಖ ನೋಡಿದ. ನಾ ಗಂಟಲು ಸರಿ ಮಾಡಿಕೊಂಡು, ಒಟ್ಟಿನ್ಯಾಗ ತಪ್ಪಾತು, ಇನ್ನ ಮ್ಯಾಲೆ ಮಾಡಂಗಿಲ್ಲ ಅನ್ನಾಕತ್ತಾಳ ಅಂತ ಕೊಂಕಣಿಯೊಳಗ ಹೇಳಿದೆ. ಮುದುಕಿ ನನ್ನ ಮ್ಯಾಲಿಂದ ಕೆಳಗಿನ ತನಕ ನೋಡಿದ್ಲು. ಆಮ್ಯಾಲೆ ಸಾಹೇಬನ ಕಡೆ ಹೊರಳಿ, ನನ್ನದಕ್ಕಿಂತ ಚಲೋ ಕೊಂಕಣಿಯೊಳಗ, ನಾ ಹಂಗ ಅಂದೇ ಇಲ್ಲ, ಹೊಟೆಲ್ ಕಾವಲುಗಾರ ದಿನಾ ಒಂದೊಂದು ಚೀಲ ಕಸಗೋತಾನ ಅಂತ ಹೇಳಿದೆ, ಈ ಹುಚ್ಚಪ್ಪನ್ನ ಯಾರು ಕರಕೊಂಡು ಬಂದ್ರಿ ಅಂತ ಕೇಳಿದ್ಲು. ಅಲ್ಲೆ ಕುಂತಿದ್ದ ಪರದೇಶಿ ಹೆಣಮಗಳಿಗೆ ಅದನ್ನ ಇಂಗ್ಲಿಷಿನ್ಯಾಗೂ ಹೇಳಿದ್ಲು. ಕೊಂಕಣಿ ಬರತಿದ್ರ ಮೊದಲ ಯಾಕ ಮಾತಾಡಲಿಲ್ಲ ಅಂತ ಸಾಹೇಬ ಕೇಳಿದ್ರ, ನೀವು ದುಭಾಷಿ ತಂದೀರಿ, ನೋಡೂಣ ಅಂತ ಸುಮ್ಮನಿದ್ದೆ ಅಂದ್ಲು. ಹೊಳ್ಳಿ ಬರೂ ಮುಂದ ಜೀಪು ಸಿಗಲಿಲ್ಲ, ಬಸ್ಸಿಗೆ ಬಂದೆ.

ಇಷ್ಟಾದ ಮ್ಯಾಲೆ ಬುದ್ಧಿ ಬರಬೇಕಾಗಿತ್ತು. ನಾಚಿಕಿ ಬಂತು, ಬುದ್ಧಿ ಬರಲಿಲ್ಲ. ಲಮಾಣಿ ಮಾತು ತಿಳೀಲಾರದ್ದಕ್ಕ ಹಿಂಗಾತು, ಕನ್ನಡದಾಗ ನಾ ತಪ್ಪಾವಲ್ಲ ಅಂತ ನನ್ನ ಬೆನ್ನು ನಾನ ಚಪ್ಪರಿಸಿಕೊಂಡೆ.

ತೊಂಬತ್ತರ ದಶಕ ಹುಟ್ಟಿದ ಹೊಸದರಾಗ, ಒಂದು ಮಳಿಗಾಲ ಮುಗಿಯೂ ಹೊತ್ತಿಗೆ ನೀಲವ್ವನ ಪ್ರಕರಣ ಬಂತು. ಸಡಾಕ್ಕ ಏರೂ ರಸ್ತಾದ ಮಗ್ಗಲದಾಗ ಒಂದು ಮೂರು ಅಂತಸ್ತಿನ ಕಟ್ಟಡ ಏಳಾಕತ್ತಿತ್ತು. ಹೊರಗಿನ ಗ್ವಾಡಿಗೆ ಗಿಲಾವು ಮಾಡೂ ಗೌಂಡಿ ಹಣಮಂತ ಎರಡನೇ ಅಂತಸ್ತಿನ ಸಾರವಿ ಮ್ಯಾಲಿಂದ ಕೆಳಗ ಬಿದ್ದು ಸೊಂಟದ ಎಲುಬು ಮುರಕೊಂಡಿದ್ದ. ಸಾರವಿ ಅಂದ್ರ ಗೊತ್ತಲ್ಲ, ಬೊಂಬು ನಿಂದರಿಸಿ, ಹಗ್ಗದಿಂದ ಬಿಗದು, ನಡುವ ಹಲಗಿ ಹಾಕಿರತಾರ, ಅದರ ಮ್ಯಾಲೆ ನಿಂತು ಕೆಲಸ. ಮುಕಾದಮ, ಅಂದ್ರ ಕೂಲಿ ಮಂದಿಯ ಮ್ಯಾಲಿನ ಮೇಸ್ತ್ರಿ, ಬಂದು ಹೇಳಿಕಿ ಕೊಟ್ಟ: ಅಂವ ಮುಂಜಾನೆನ ಕುಡದು ಬಂದಿದ್ದ, ಓಲಾಡಿ ಬಿದ್ದ. ದವಾಖಾನಿಗೆ ಹೋಗಿ ಹಣಮಂತನ್ನ ಕೇಳಿದ್ರ, ಕಾಲು ಜಾರಿತ್ರಿ ಅಂದು ಗ್ವಾಡಿ ಕಡೆ ಮುಖಾ ತಿರುವಿದ. ಹೆಂಡ್ತಿ ನೀಲವ್ವ ಮಂಚದ ಕಾಲಾಗ ನಿಂತಿದ್ಲು.

ತಪ್ಪು ಅವಂದ ಅಂತ ಕಾಗದದಾಗ ಬಿತ್ತಂದ್ರ ಕಟ್ಟಡದ ಮಾಲಕರು ದವಾಖಾನಿ ಕಡೆ ಹೊಳ್ಳಿ ನೋಡಂಗಿದ್ದಿಲ್ಲ. ಅದಕ್ಕಿಂತ ಹೆಚ್ಚು, ಒಮ್ಮೆ ಕುಡುಕ ಅನ್ನಿಸಿಕೊಂಡ ಗೌಂಡಿಯನ್ನ ವಾಸ್ಕೋದಾಗ ಯಾವ ಮುಕಾದಮನೂ ಕರಿಯಂಗಿದ್ದಿಲ್ಲ. ಹಣಮಂತನ ಕೊರಳಾಗ ತುಳಸಿ ಮಾಲಿ ಇತ್ತು, ದಾರೂ ಹಂತ್ಯಾಕೂ ಹೋದಾವಲ್ಲ. ಅದು ಸಡಾದ ಕನ್ನಡ ಮಂದಿಗೆಲ್ಲಾ ಗೊತ್ತಿತ್ತು. ಕಾಗದಕ್ಕ ಗೊತ್ತಾಗಬೇಕಿತ್ತು.

ನೀಲವ್ವ ಕಚೇರಿಗೆ ಬಂದು ಮುಕ್ಕಾಲು ತಾಸು ಮಾತಾಡಿದ್ಲು. ಆವತ್ತು ಮುಂಜಾನೆ ಎದ್ದಿದ್ದು, ನಳಕ್ಕ ಪಾಳಿ ಹಚ್ಚಿದ್ದು, ಜೋಳದ ಹಿಟ್ಟು ಜಿಗಿ ಬಿಟ್ಟಿದ್ದು, ರೊಟ್ಟಿ ಹರದಿದ್ದು, ಮಗಳಿಗೆ ಮೈ ಸುಡತಿದ್ದುದು. ಅಂವ ಹೊಂಟಾವ ಅರ್ಧಾ ದಾರಿಯಿಂದ ಹೊಳ್ಳಿ ಬಂದಿದ್ದು, ಹಳೇ ಸೀರಿ ಇದ್ರ ಕೊಡು ಅಂತ ಕೇಳಿದ್ದು. ಅದು ತವರುಮನಿಯವರು ಮದುವ್ಯಾಗ ಉಡಿಸಿದ್ದ ಇಳಕಲ್ ಸೀರಿ, ಒಲ್ಲೆ ಅಂದಿದ್ದು. ಅರ್ಧಾನ ಕೊಡು ಅಂದಿದ್ದು, ಕಡೀಕ ಹರದು ಕೊಟ್ಟಿದ್ದು. ಹರಿಯೂ ಮುಂದ ಪರ್ ಅಂತ ಸಪ್ಪಳಾತ್ರಿ ಅಣ್ಣಾ, ಎದಿ ಝಲ್ ಅಂತು ಅಂತ ಅತ್ತಿದ್ದು. ಸೀರಿ ಮಾತು ಮೂರು ಸಲ ಬಂತು. ನಾ ಗೋಣು ಹಾಕ್ಕೊಂತ, ಪಾಪ, ಹೆಣಮಕ್ಕಳಿಗೆ ಗಂಡನ ಸೊಂಟದಷ್ಟ ಸೀರಿದೂ ಸಂಕಟ ಅಂತ ಒಳಗೊಳಗ ನಕ್ಕೆ. ಈ ನಗಿ ನೆನಸಿಕೊಂಡ್ರ ಇವತ್ತಿಗೂ ನನಗ ನನ್ನ ಮ್ಯಾಲೆ ಹೇಸಿಕಿ ಬರತೈತಿ.

ಸಾಹೇಬರು ಏಕೂಣ ಕಿತೆಂ ಅಂದ್ರು. ಗಂಡ ದಿನದಂಗ ಉಂಡು ಕೆಲಸಕ್ಕ ಹೋದ, ಬಿದ್ದದ್ದನ್ನ ಆಕಿ ಕಂಡಿಲ್ಲ, ಅಂವ ಕುಡಿಯಂಗಿಲ್ಲ ಅಂತ ಹೇಳತಾಳ ಅಂದೆ. ಕುಡಿಯಂಗಿಲ್ಲ ಅಂತ ಎಲ್ಲಾ ಹೆಂಡ್ರೂ ಹೇಳತಾರ ಅಂತ ಸಾಹೇಬರು ಗೊಣಗಿ ಮೂರು ಸಾಲು ಬರಿಸಿದ್ರು. ಹಾಳಿಯೊಳಗ ಇನ್ನೂ ಭಾಳ ಜಾಗಾ ಖಾಲಿ ಇತ್ತು. ಫಿಲೋಮಿನಾ ಬಾಯಿ ಮಶೀನಿನ ಮ್ಯಾಲೆ ಕೈ ಇಟ್ಟುಕೊಂಡು, ಇಷ್ಟೊತ್ತಿಂದು ಇಷ್ಟನಾ ಅನ್ನೂವಂಗ ನನ್ನ ನೋಡಿದ್ರು. ನಾ ಮುಗೀತು ಅಂದೆ.

ನೀಲವ್ವನೂ ಅದನ್ನ ಕೇಳಿದ್ಲು. "ನಾ ಹೇಳಿದ್ದೆಲ್ಲಾ ಆ ಮೂರು ಗೆರಿಯೊಳಗ ಬಂತೇನ್ರಿ ಅಣ್ಣಾ?"

"ಒಟ್ಟಿನ್ಯಾಗ ಎಲ್ಲಾ ಬಂದೈತಿ ತಂಗಿ, ಒತ್ತು" ಅಂದೆ. ಅಣ್ಣಾ ಅಂದವನ ಮಾತು ನಂಬಿ ಆಕಿ ಒತ್ತಿದ್ಲು.

ಮುಂದಿನ ಐತವಾರ ಜೋಳ ತರಾಕಂತ ಸಡಾಕ್ಕ ಹೊಂಟಿದ್ದೆ. ಬಸ್ಸು ಆ ಕಟ್ಟಡದ ಮುಂದ ನಿಂತಿತು. ಕಿಡಕಿಯಿಂದ ಸುಮ್ಮನ ಸಾರವಿ ನೋಡಿದೆ. ಮಳಿಗೆ ನೆನದು ನೆನದು ಹಗ್ಗ ಕರ್ರಗ ಕೊಳತಿದ್ದವು. ಕೆಲವು ಕಡೆ ಸಿಮೆಂಟು ಚೀಲ ಹರದು ಬಿಗದಿದ್ರು, ಒಂದು ಕಡೆ ಯಾರದೋ ಲುಂಗಿ. ಎರಡನೇ ಅಂತಸ್ತಿನ ಒಂದು ಮೂಲ್ಯಾಗ ಹಸರ ಸೀರಿ, ಕೆಂಪು ದಡಿ, ಬಿಳೇ ಪಟ್ಟಿಯ ಕೆಂಪು ಸೆರಗಿನ ಚೂರು ಗಾಳಿಗೆ ಹಾರಾಡಾಕತ್ತಿತ್ತು. ಇಳಕಲ್ ಸೆರಗನ್ನ ನಮ್ಮ ಕಡ್ಯಾವರು ಹರದಾರಿ ದೂರದಿಂದನೂ ಗುರ್ತು ಹಿಡೀತಾರ. ಬಸ್ಸಿನಿಂದ ಇಳದೆ.

ಅಲ್ಲೆ ಇದ್ದ ಒಬ್ಬ ಗೌಂಡಿ ದನಿ ತಗ್ಗಿಸಿ ಎಲ್ಲಾ ಹೇಳಿದ. ಹಗ್ಗ ಕೊಳತಾವು, ಹೊಸಾವು ಕೊಡ್ರಿ ಅಂತ ತಿಂಗಳಿಂದ ಮುಕಾದಮನ್ನ ಕೇಳಾಕತ್ತಿದ್ರಂತ. ಮನಿಯಾಗ ಏನೈತಿ ಅದನ್ನ ತಂದು ಕಟ್ಟಿಕೊಳ್ರಿ, ಕೆಲಸ ನಿಂದ್ರಬಾರದು ಅಂದಿದ್ನಂತ. ಹಣಮಂತ ತನ್ನ ಹಲಗಿಯ ಎರಡೂ ತುದಿಗೆ ಹೆಂಡ್ತಿ ಸೀರಿ ಕಟ್ಟಿದ್ದ. ಒಂದು ತುದಿ ಹರೀತು, ಅಂವ ಬಿದ್ದ. ಇನ್ನೊಂದು ತುದಿಯ ಗಂಟು ಹಂಗ ಉಳದಿತ್ತು. ನಾ ನೋಡಿದ್ದು ಅದನ್ನ. ಜೋಳ ತರೂದು ಬಿಟ್ಟು ಮನಿಗೆ ಹೊಳ್ಳಿ ಬಂದೆ.

ಸೋಮವಾರ ಸಾಹೇಬರ ಮುಂದ ನಿಂತು ಇದನ್ನೆಲ್ಲಾ ಹೇಳಾಕ ಹತ್ತಿದೆ. ಅರ್ಧಾಕ್ಕ ಅವರು ಏಕೂಣ ಕಿತೆಂ ಅಂದ್ರು. ನಾ ಬರಿಸಿದ ಹೇಳಿಕಿ ಅರ್ಧಾ ಐತಿ, ಮುಖ್ಯ ಮಾತು ನಾ ಬಿಟ್ಟೇನಿ ಅಂದೆ. ಅವರು ಫೈಲು ತಗದು ತಳದ ಸಾಲಿನ ಮ್ಯಾಲೆ ಬೆರಳಿಟ್ರು. ಓದಿ ತಿಳಿಸಲಾಗಿದೆ ಅಂತ ಐತಿ, ಈ ಸಹಿ ಯಾರದು ಅಂದ್ರು. ನಂದ. ಓದಿದ್ದು ಖರೇ ಆದ್ರ ಆಕಿ ಒಪ್ಪ್ಯಾಳ, ಪ್ರಕರಣ ಮುಗೀತು. ಓದಿಲ್ಲಂದ್ರ ಇಷ್ಟು ವರ್ಷ ನೀ ಸಹಿ ಮಾಡಿದ ಕಪಾಟು ತುಂಬ ಕಾಗದ ಐತಲ್ಲ, ಅದರ ಗತಿ ಏನು, ನಿನ್ನ ಗತಿ ಏನು, ಯೋಚನಿ ಮಾಡು ಅಂದ್ರು. ಅವರ ಮಾತು ತಪ್ಪಂತೂ ಇದ್ದಿಲ್ಲ. ನಾ ಹೊರಗ ಬಂದೆ.

ಎರಡು ದಿನ ಅನ್ನ ಗಂಟಲಾಗ ಇಳೀಲಿಲ್ಲ. ನೌಕರಿ ಹೋದ್ರ ಮಕ್ಕಳ ಸಾಲಿ, ಬಾಡಗಿ ಮನಿ, ಊರಾಗಿನ ಮಂದಿ ಬಾಯಿ, ಎಲ್ಲಾ ಕಣ್ಣ ಮುಂದ ಬಂತು. ಖರೇ ಹೇಳಬೇಕಂದ್ರ ಸುಮ್ಮನಿರಾಕ ಮುಕ್ಕಾಲು ಪಾಲು ಮನಸು ಮಾಡಿಬಿಟ್ಟಿದ್ದೆ. ಯಾಕ ಉಣವಲ್ರಿ ಅಂತ ಹೆಂಡ್ತಿ ಗಂಟು ಬಿದ್ಲು, ಹೇಳಿದೆ. ಆಕಿ ಒಲಿ ಮುಂದಿಂದ ಎದ್ದು ಬರಲೂ ಇಲ್ಲ. "ಆಕಿ ತವರುಮನಿ ಸೀರಿ ಹರದು ಕೊಟ್ಟಾಳ. ನಿಮಗ ಒಂದು ಹಾಳಿ ಹರಿಯಾಕ ಆಗವಲ್ದು" ಅಂದ್ಲು. ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ.

ಮರುದಿನ ಅರ್ಜಿ ಬರದೆ: ಈ ಹೇಳಿಕಿಯನ್ನ ನಾ ಓದಿ ತಿಳಿಸಿಲ್ಲ, ಮುಖ್ಯ ಸಂಗತಿ ಬಿಟ್ಟೇನಿ, ಮತ್ತೊಮ್ಮೆ ಕೇಳಬೇಕು. ಫಿಲೋಮಿನಾ ಬಾಯಿ ಅದನ್ನ ಟೈಪ್ ಮಾಡಿದ್ರು. ಮುಗಿಸಿದ ಮ್ಯಾಲೆ ತಾವ ಒಂದು ಸಾಲು ಕೂಡಿಸಿದ್ರು, ತಳದ ಆ ಸಾಲನ್ನ ನಾ ಮುಂಜಾನೆನ ಹೊಡದಿಡತಿದ್ದೆ ಅಂತ. ಕೆಳಗ ತಮ್ಮ ಸಹಿನೂ ಹಾಕಿದ್ರು. ನಾ ಹೇಳಿರಲಿಲ್ಲ, ಕೇಳಿರಲಿಲ್ಲ. ಅರ್ಜಿ ಅಧಿಕೃತ ಆಗಿ ಒಳಗ ಹೋದ ಮ್ಯಾಲೆ ಸಾಹೇಬರಿಗೆ ಅದನ್ನ ನುಂಗಾಕ ಬರಲಿಲ್ಲ. ನೀಲವ್ವನ್ನ ಮತ್ತ ಕರಿಸಿದ್ರು.

ಈ ಸಲ ನಾ ಒಟ್ಟು ಮಾಡಲಿಲ್ಲ. ಆಕಿ ಒಂದು ಮಾತು ಹೇಳಿದ್ರ ನಾ ಒಂದು ಮಾತು ಹೇಳಿದೆ. ನಳದ ಪಾಳಿ ಬಂತು, ಜೋಳದ ಹಿಟ್ಟು ಬಂತು, ಮಗಳ ಜ್ವರ ಬಂತು. ಸಾಹೇಬರು ಬೆರಳಿಂದ ಟೇಬಲ್ ಕುಟ್ಟಿದ್ರು. "ಏಕೂಣ ಕಿತೆಂ?"

"ಇನ್ನೂ ಆಕಿದು ಮುಗದಿಲ್ಲ ಸಾಹೇಬ" ಅಂದೆ.

ಎರಡನೇ ಸಲ ಕೇಳಿದ್ರು, ಮತ್ತ ಅದನ್ನ ಹೇಳಿದೆ. ಮೂರನೇ ಸಲ ಅವರು ಬಾಯಿ ತಗಿಯೂದ್ರಾಗ ಸೀರಿ ಬಂತು. ಅವರ ಬೆರಳು ನಿಂತವು. ಯಾವ ಸೀರಿ, ಯಾಕ ಕೇಳಿದ, ಹಗ್ಗ ಯಾಕ ಇದ್ದಿಲ್ಲ ಅಂತ ಒಂದೊಂದ ಕೇಳಾಕ ಹತ್ತಿದ್ರು. ಮನಷಾ ಕೆಟ್ಟಾವಲ್ಲ, ಪೂರ್ತಿ ಮಾತು ಕೇಳೂ ರೂಢಿ ತಪ್ಪಿತ್ತು, ತಪ್ಪಿಸಿದವರೊಳಗ ನಾನೂ ಒಬ್ಬ. ನಾಕು ಹಾಳಿ ತುಂಬಿದವು.

ಎರಡು ದಿನ ಬಿಟ್ಟು ಸ್ಥಳ ನೋಡಾಕ ಹೋದ್ವಿ. ಅಷ್ಟರಾಗ ಮುಕಾದಮ ಇಡೀ ಸಾರವಿಗೆ ಹೊಸಾ ಹಗ್ಗ ಬಿಗಿಸಿದ್ದ. ನೋಡ್ರಿ ಸಾಹೇಬ, ನಮ್ಮಲ್ಲಿ ಹಗ್ಗಕ್ಕ ಕಡಿಮಿ ಇಲ್ಲ ಅಂತ ಎದಿ ಸೆಟಿಸಿ ತೋರಿಸಿದ. ಲುಂಗಿ ಇಲ್ಲ, ಚೀಲ ಇಲ್ಲ, ಸೆರಗೂ ಇಲ್ಲ. ಆದ್ರ ಎರಡನೇ ಅಂತಸ್ತಿನ ಆ ಮೂಲ್ಯಾಗ ಸೀರಿ ಗಂಟಿನ ಮ್ಯಾಲೆ ಸಿಮೆಂಟಿನ ರಾಡಿ ಬಿದ್ದು ಕಲ್ಲಾಗಿತ್ತು. ಬಿಚ್ಚಾಕ ಬಂದಿರಲಿಲ್ಲ, ಜೋತಾಡೂ ಚೂರನ್ನಷ್ಟ ಕತ್ತರಿಸಿ, ಮ್ಯಾಲೆ ಹೊಸಾ ಹಗ್ಗ ಸುತ್ತಿದ್ರು. ಹಿಂದ ನನ್ನ ಜೋಡಿ ಮಾತಾಡಿದ್ದ ಗೌಂಡಿ ಹೋಗಿ ಆ ಹಗ್ಗ ಬಿಚ್ಚಿ ಬಾಜೂಕ ನಿಂತ. ಸಾಹೇಬರು ಪೆನ್ನಿನ ತುದಿಯಿಂದ ಗಂಟನ್ನ ಕೆರದ್ರು. ಹಸರ ಬಂತು, ಕೆಂಪು ಬಂತು. ಉಳದ ಅರ್ಧಾ ಸೀರಿಯನ್ನ ನೀಲವ್ವ ಮಗಳ ಕೌದಿಗೆ ಹೊಲದಿದ್ಲು, ಹೊಲಿಗಿ ಬಿಚ್ಚಿ ತಂದಿದ್ಲು. ಎರಡನ್ನೂ ಮಗ್ಗಲದಾಗ ಹಿಡದಾಗ ದಡಿಗೆ ದಡಿ ಕೂಡಿತು. ಮುಕಾದಮ ಬೀಡಿ ಹುಡುಕ್ಕೊಂತ ಆ ಕಡೆ ಹೋದ.

ವರದಿ ಆತು: ಹಗ್ಗ ಕೊಡಲಾರದ್ದಕ್ಕ ಬಿದ್ದಾನ, ಗೌಂಡಿದು ತಪ್ಪಿಲ್ಲ, ಕುಡದಿದ್ದ ಅನ್ನೂದಕ್ಕ ಆಧಾರ ಇಲ್ಲ. ನನಗೊಂದು ಮೆಮೊ ಬಂತು. ಮುಂದ ಮೂರು ವರ್ಷ ನನ್ನ ಟಪಾಲು ಟೇಬಲ್ಲಿಗೆ ಹಾಕಿದ್ರು, ಬಂದ ಕಾಗದಕ್ಕ ಠಸೆ ಹೊಡಿಯೂ ಕೆಲಸ. ಫಿಲೋಮಿನಾ ಬಾಯಿಗೂ ಒಂದು ಮೆಮೊ. ತಳದ ಸಾಲನ್ನ ಮುಂಜಾನೆ ಟೈಪ್ ಮಾಡಿಡೂ ಪದ್ಧತಿಯನ್ನ ಮ್ಯಾಲಿನವರು ಕೂಡ್ಲೆ ನಿಲ್ಲಿಸಿದ್ರು. ಮುಂದಿನ ವರ್ಷ ಅದನ್ನ ಹಾಳಿ ಮ್ಯಾಲೆ ಅಚ್ಚು ಹಾಕಿಸಿ ಕಳಿಸಿದ್ರು.

ಠಸೆ ಹಿಡಿಯೂಕಿಂತ ಮೊದಲು ನನ್ನ ಕಡೀ ದುಭಾಷಿ ಕೆಲಸ ಅಂದ್ರ ನೀಲವ್ವಗ ಆಕಿ ಹೇಳಿಕಿ ಓದಿ ಹೇಳೂದು; ಅದಕ್ಕ ಹೆಬ್ಬಟ್ಟು ಒತ್ತಿಸೂದು ಇನ್ನೂ ಉಳದಿತ್ತು. ಹಣಮಂತನ್ನ ದವಾಖಾನಿಯಿಂದ ಬಿಟ್ಟಿದ್ರು. ಬಗಲಾಗ ಬಡಿಗಿ ಊರಿಕೊಂಡು ಬಂದು ಬಾಗಲ ಬಾಜೂಕಿನ ಬಾಕಿನ ಮ್ಯಾಲೆ ಕುಂತಿದ್ದ. ನೀಲವ್ವ ಮಸಿ ಡಬ್ಬಿ ಹಂತ್ಯಾಕ ಬಂದು ಕೈ ಹಿಂದ ಕಟಗೊಂಡು ನಿಂತ್ಲು.

"ಮೊದಲ ಓದ್ರಿ ಅಣ್ಣಾ" ಅಂದ್ಲು.

ಓದಿದೆ. ನಾಕು ಹಾಳಿ, ಒಂದು ಶಬ್ದ ಬಿಡಲಾರದ. ಇಂಗ್ಲಿಷಿಗೆ ಹೋಗಿದ್ದನ್ನ ಮತ್ತ ಕನ್ನಡಕ್ಕ ತರೂ ಮುಂದ ಬೆವರು ಬಂತು. ಸಾಹೇಬರು ಕುಂತು ಕೇಳಿದ್ರು. ಮುಗಿಸಿ ಸರಿ ಐತೇನು ತಂಗಿ ಅಂದೆ.

"ಒಂದು ಬಿಟ್ಟೀರಿ. ಅಂವ ಸೀರಿ ಹರದ ಅಂತ ಐತಿ. ಅಂವ ಹರಿಲಿಲ್ಲ. ನಾನ ಹರದು ಕೊಟ್ಟೆ. ಅದು ಸವದಿತ್ತು, ನನಗ ಗೊತ್ತಿತ್ತು. ಹಂಗ ಬರೀರಿ."

ಅದರ ಗರಜಿಲ್ಲ, ವರದಿ ಆಗೇತಿ ಅಂತ ಸಾಹೇಬರು ಮೆತ್ತಗ ಹೇಳಿದ್ರು. ನಾ ಅದನ್ನ ಆಕಿಗೆ ಕನ್ನಡದಾಗ ಹೇಳಿದೆ. ಆಕಿ ಕೈ ಮುಂದ ಮಾಡಲಿಲ್ಲ. ಫಿಲೋಮಿನಾ ಬಾಯಿ ಖಾಲಿ ಹಾಳಿ ಒಂದನ್ನ ಮಶೀನಿಗೆ ಹಾಕಿ ನನ್ನ ಕಡೆ ನೋಡಿದ್ರು. ನಾ ಹೇಳಿದೆ, ಅವರು ಹೊಡದ್ರು.

ಬಾಕಿನ ಮ್ಯಾಲಿಂದ ಹಣಮಂತ ತಲಿ ಎತ್ತಲಾರದ ಮಾತಾಡಿದ. "ಅದೊಂದು ಬ್ಯಾಡಾಗಿತ್ರಿ ಅಣ್ಣಾ. ಕಾಲು ಜಾರಿತು ಅಂತ ನಾ ಹೇಳಿದ್ದ ಅದಕ್ಕ. ಸೀರಿ ಹರೀತು ಅಂದ್ರ ಆಕಿ ಜಲ್ಮ ಪೂರ್ತಿ ತನ್ನ ಮ್ಯಾಲೆ ಹಾಕ್ಕೋತಾಳ ಅಂತ."

"ನೀ ಗ್ವಾಡಿ ಕಡೆ ಮುಖಾ ತಿರುವಿದಾಗನ ನನಗ ಗೊತ್ತಾತು" ಅಂದ್ಲು ನೀಲವ್ವ. "ಸೀರಿ ಮಾತು ಹೇಳಾಕಂತನ ನಾ ಮೊದಲನೇ ದಿನ ಇಲ್ಲಿಗೆ ಬಂದಿದ್ದೆ."

ಮೊದಲನೇ ದಿನ. ಮೂರು ಸಲ ಹೇಳಿದ್ಲು, ನಾ ನಕ್ಕಿದ್ದೆ. ಫಿಲೋಮಿನಾ ಬಾಯಿ ಕೊಟ್ಟ ಹಾಳಿಯನ್ನ ಹಂಗ ಹಿಂಗ ಓದಿ ಮುಗಿಸಿದೆ. ಆಕಿ ಕೇಳಿದ್ಲು, ಗೋಣು ಹಾಕಿದ್ಲು, ಹೆಬ್ಬಟ್ಟಿಗೆ ಮಸಿ ಹಚ್ಚಿ ಬಲವಾಗಿ ಒತ್ತಿದ್ಲು. ಒರಸಿಕೊಳ್ಳಾಕ ನಾ ಅರಿವಿ ಕೊಡಾಕ ಹೋದೆ, ಇಸಕೊಳ್ಳಲಿಲ್ಲ. ಬಾಕಿನ ಹಂತ್ಯಾಕ ಹೋಗಿ ಹೆಬ್ಬಟ್ಟನ್ನ ಗಂಡನ ಅಂಗಿ ಚುಂಗಿಗೆ ಒರಸಿ, ಏಳು ಅಂದು ಬಗಲಾಗ ಕೈ ಹಾಕಿ ಎಬ್ಬಿಸಿಕೊಂಡು ಹೋದ್ಲು.